ಗುಲಾಬಿ ಚೆಂಡು ಅಲುಗಲಿಲ್ಲ ಎಂದು ಬರೆದುಕೊಡಿ ಎಂದವರಿಗೆ

ಮಾನ್ಯ ಶಿಸ್ತು ಸಮಿತಿಯ ಅಧ್ಯಕ್ಷರೇ,

ಇವತ್ತು ಬೆಳಿಗ್ಗೆ ನಮ್ಮ ಮನೆಯ ಹಿಂದಿನ ತಂತಿಯ ಮೇಲೆ ನನ್ನ ಸೋದರತ್ತೆಯ ಬಿಳಿ ಅಂಗಿಗಳು ಒಣಗುತ್ತಿದ್ದವು. ಎಲ್ಲ ಅಂಗಿಗಳಲ್ಲೂ ಬಲತೋಳು ಅಂಗಡಿಯಿಂದ ಬಂದ ದಿನ ಹೇಗಿತ್ತೋ ಹಾಗೆಯೇ ಇತ್ತು. ಎಡತೋಳನ್ನು ಮಾತ್ರ ಮೊಣಕೈಯಿಂದ ಮಣಿಕಟ್ಟಿನವರೆಗೆ ಬಿಚ್ಚಿ, ಒಳಕ್ಕೆ ಹಿಡಿದು, ಬಿಗಿಯಾಗಿ ಮತ್ತೆ ಹೊಲಿಯಲಾಗಿತ್ತು. ಸ್ನೂಕರ್ ಆಡುವವರು ಮೇಜಿನ ಮೇಲೆ ಬಾಗುವಾಗ ಮುಂದಕ್ಕೆ ಚಾಚುವುದು ಎಡಗೈಯನ್ನು. ಆ ತೋಳು ಸಡಿಲವಿದ್ದರೆ ಪಕ್ಕದ ಚೆಂಡಿಗೆ ತಾಗುತ್ತದೆ, ತಾಗಿದರೆ ಫೌಲ್. ಇದು ನಿಮಗೆ ಗೊತ್ತಿರುವ ವಿಷಯ. ಗೊತ್ತಿದೆ ಎಂಬ ನಂಬಿಕೆಯ ಮೇಲೆಯೇ ಮುಂದೆ ಬರೆಯುತ್ತಿದ್ದೇನೆ.

ಅತ್ತೆ ತಮ್ಮ ತಪ್ಪನ್ನು ಹೀಗೆ ಸೂಜಿ ದಾರ ಹಿಡಿದು ತಿದ್ದಿಕೊಂಡಿದ್ದಾರೆ. ಆದರೆ ನಿಮ್ಮ ಸಮಿತಿಯ ಪ್ರಕಾರ ಆ ತೋಳು ಯಾವ ಚೆಂಡಿಗೂ ತಾಗಿಯೇ ಇಲ್ಲ. ತಾಗಿತು ಎಂದು ಅತ್ತೆ ಹೇಳಿದ್ದೇ ಅಪರಾಧ. ತಾಗಿರಲಿಲ್ಲ ಎಂದು ಬರೆದುಕೊಟ್ಟು ಕ್ಷಮೆ ಕೇಳದಿದ್ದರೆ, ಅವರು ಆಡಿ ಗೆದ್ದುಕೊಂಡ ರಾಷ್ಟ್ರೀಯ ಪಂದ್ಯಾವಳಿಯ ಜಾಗ ಅವರಿಗೆ ಇಲ್ಲ. ಒಂದು ಮಾತು ಕೇಳುತ್ತೇನೆ, ಕೋಪ ಮಾಡಿಕೊಳ್ಳಬೇಡಿ. ಆಗಿಯೇ ಇಲ್ಲದ ತಪ್ಪಿಗಾಗಿ ಇದ್ದಬದ್ದ ಒಳ್ಳೆಯ ಅಂಗಿಗಳನ್ನೆಲ್ಲ ಬಿಚ್ಚಿ ಹೊಲಿಯುವಷ್ಟು ಬಿಡುವು ಒಬ್ಬ ಡ್ರೈವಿಂಗ್ ಟೀಚರಿಗೆ ಇರುತ್ತದೆ ಎಂದು ನಿಮಗೆ ನಿಜವಾಗಿಯೂ ಅನ್ನಿಸುತ್ತದೆಯೇ?

ಹೌದು, ನಮ್ಮ ಅತ್ತೆ ಕಾರು ಕಲಿಸುತ್ತಾರೆ. ಅವರ ಕಾರಿನಲ್ಲಿ ಕಲಿಯುವವರ ಕಾಲಡಿ ಒಂದು ಬ್ರೇಕ್, ಪಕ್ಕದಲ್ಲಿ ಕೂತ ಅತ್ತೆಯ ಕಾಲಡಿ ಇನ್ನೊಂದು. ಅತ್ತೆ ಸದ್ದಿಲ್ಲದೆ ತಮ್ಮದನ್ನು ಒತ್ತುತ್ತಾರೆ, ಕಾರು ನಿಂತ ಕೂಡಲೇ ಶಿಷ್ಯರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳುತ್ತಾರೆ. ಸ್ನೂಕರಿನಲ್ಲಿಯೂ ಒಂದೇ ಸರದಿಯಲ್ಲಿ ಗಳಿಸಿದ ಅಂಕಗಳಿಗೆ ಬ್ರೇಕ್ ಎಂದೇ ಹೇಳುವುದರಿಂದ, ಟೈರ್ ಅಂಗಡಿಯ ಮೇಲಿನ ಸ್ನೂಕರ್ ಹಾಲಿನಲ್ಲಿ ಆಡುವವರೆಲ್ಲ ಅವರಿಗೆ ‘ಡಬಲ್ ಬ್ರೇಕ್’ ಎಂದು ಹೆಸರಿಟ್ಟಿದ್ದಾರೆ. ಒಮ್ಮೆ ಪತ್ರಿಕೆಯವರೊಬ್ಬರು ಬಂದು, "ಮೇಡಂ, ನಿಮ್ಮ ಅತಿ ದೊಡ್ಡ ಬ್ರೇಕ್ ಯಾವುದು?" ಎಂದು ಕೇಳಿದರು. ಅತ್ತೆ ಒಂದು ಕ್ಷಣ ಯೋಚಿಸಿ, "ಸ್ಕೂಲ್ ಬಸ್ಸಿನ ಮುಂದೆ ಹಾಕಿದ್ದು" ಅಂದರು. ಆ ಸಂದರ್ಶನ ಅಚ್ಚಾಗಲಿಲ್ಲ.

ನಿಮ್ಮ ಪತ್ರದಲ್ಲಿ ‘ಹವ್ಯಾಸಿ ಆಟಗಾರರು ಶಿಸ್ತಿನ ಮಹತ್ವ ಅರಿಯದಿರುವುದು ವಿಷಾದನೀಯ’ ಎಂಬ ಮಾತಿದೆ. ಇದೆ ಎಂದು ಊಹಿಸಿ ಓದಿಕೊಂಡೆ. ನಿಜವಾಗಿ ಅಲ್ಲಿರುವುದು ‘ಅವ್ಯಾಸಿ ಹಾಟಗಾರರು’ ಎಂದು. ಹವ್ಯಾಸಿಯಿಂದ ಜಾರಿಬಿದ್ದ ಹಕಾರ ಪಕ್ಕದಲ್ಲಿದ್ದ ಆಟಗಾರನನ್ನು ಹಿಡಿದುಕೊಂಡು ಬದುಕಿಕೊಂಡಿದೆ. ನಾನು ಸಾಹಿತ್ಯ ಓದಿ, ಈಗ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಮಾಡುತ್ತೇನೆ. ಬಾಯಿಬಿಟ್ಟು ಹೇಳುವ ಧೈರ್ಯ ಇಲ್ಲದವರಿಗೆ ಇದು ಒಳ್ಳೆಯ ಕೆಲಸ. ಕೆಂಪು ಪೆನ್ನಿನಲ್ಲಿ ಅಂಚಿಗೆ ಒಂದು ಗುರುತು ಹಾಕಿ ತಲೆ ತಗ್ಗಿಸಿಕೊಂಡರೆ ಆಯಿತು. ನಿಮ್ಮ ಪತ್ರದಲ್ಲಿಯೂ ಹಕಾರವನ್ನು ಅದರ ತವರಿಗೆ ಕಳಿಸಿ, ಒಂದು ಪ್ರತಿಯನ್ನು ಇದರ ಜೊತೆ ಲಗತ್ತಿಸಿದ್ದೇನೆ. ಮನುಷ್ಯರು ಬರೆದ ಮೇಲೆ ತಪ್ಪಾಗುತ್ತದೆ, ಅದರಲ್ಲಿ ಅವಮಾನವೇನೂ ಇಲ್ಲ. ಆದರೆ ನಾಳೆ ನೀವು ನನ್ನನ್ನು ಕರೆದು, "ಆ ಹಾಳೆಯಲ್ಲಿ ತಪ್ಪೇ ಇರಲಿಲ್ಲ, ನಿನ್ನ ಕಣ್ಣಿಗೆ ಭ್ರಮೆ ಅಂತ ಬರೆದುಕೊಡು" ಎಂದರೆ ನಾನು ಏನು ಮಾಡಲಿ?

ಇನ್ನು ‘ಹವ್ಯಾಸಿ’ ಎಂಬ ಮಾತು. ಬಿಡುವಿದ್ದಾಗ ಆಡುವವರು ಹವ್ಯಾಸಿಗಳು ಎಂದು ನಿಮ್ಮ ಕಚೇರಿ ತಿಳಿದಂತಿದೆ. ನಾನು ಕಂಡ ಹವ್ಯಾಸಿಗಳು ಬಿಡುವಿಲ್ಲದಿದ್ದರೂ ಆಡುವವರು. ಅರ್ಹತಾ ಸುತ್ತಿಗೆ ಬಂದಿದ್ದ ಒಬ್ಬ ಹಲ್ಲಿನ ಡಾಕ್ಟರು, ರೋಗಿಯ ಬಾಯಿಗೆ ಅಚ್ಚಿನ ಮೇಣ ಇಟ್ಟು ಅದು ಗಟ್ಟಿಯಾಗುವಷ್ಟರಲ್ಲಿ ಬರುತ್ತೇನೆಂದು ಬಂದವರಂತೆ ಗಡಿಯಾರ ನೋಡುತ್ತಿದ್ದರು. ಒಬ್ಬ ಬೇಕರಿಯವರು ತೋಳಿನ ಮೇಲಿನ ಹಿಟ್ಟು ಒರೆಸಿಕೊಳ್ಳುವುದನ್ನು ಮರೆತು ಹಸಿರು ಮೇಜಿನ ಮೇಲೆ ಬಿಳಿ ಮಚ್ಚೆ ಮಾಡಿ ಎಲ್ಲರ ಕೈಲೂ ಬೈಸಿಕೊಂಡರು. ಅತ್ತೆ ಬೆಳಗಿನ ಶಿಷ್ಯರನ್ನು ಮುಗಿಸಿ, ಸಂಜೆಯ ಶಿಷ್ಯರು ಬರುವ ಮೊದಲು, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅಭ್ಯಾಸ ಮಾಡುತ್ತಾರೆ. ಊಟ ಎಲ್ಲಿ ಹೋಯಿತು ಎಂದು ನಮ್ಮಮ್ಮ ಕೇಳಿದರೆ, "ಪಾಕೆಟ್ಟಿಗೆ ಹೋಯ್ತು" ಅನ್ನುತ್ತಾರೆ. ಇವರಲ್ಲಿ ಯಾರಿಗೂ ಈ ಆಟದಿಂದ ಹೊಟ್ಟೆ ತುಂಬುವುದಿಲ್ಲ. ಹಾಗಿದ್ದ ಮೇಲೆ ಇವರು ಏತಕ್ಕಾಗಿ ಮೋಸ ಮಾಡಬೇಕು? ಏತಕ್ಕಾಗಿ ಸುಳ್ಳು ಹೇಳಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸಿಗುವುದು ನಿಮ್ಮ ಪತ್ರ ಒಂದೇ. ಈ ಆಟದಲ್ಲಿ ಸುಳ್ಳು ಹೇಳಲು ಒಂದು ಕಾರಣ ಕೊಟ್ಟವರು ನೀವೇ ಮೊದಲಿಗರು.

ಆ ದಿನ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಅರ್ಹತಾ ಸುತ್ತಿನ ಕೊನೆಯ ಪಂದ್ಯ, ಕೊನೆಯ ಫ್ರೇಮ್. ಗೆದ್ದವರು ರಾಷ್ಟ್ರೀಯ ಪಂದ್ಯಾವಳಿಗೆ, ಸೋತವರು ಮನೆಗೆ. ಅತ್ತೆ ಈ ಮೆಟ್ಟಿಲಿಗೆ ಹಿಂದೆಯೂ ಬಂದಿದ್ದರು, ಪ್ರತಿ ಸಲವೂ ಇಲ್ಲಿಂದಲೇ ವಾಪಸ್ಸಾಗಿದ್ದರು. ದಿನವಿಡೀ ಕಾರಿನ ಎಡ ಸೀಟಿನಲ್ಲಿ ಕುಲುಕಾಡಿ ಅವರ ನಡು ಹಾಳಾಗಿದೆ. ಮುಂದಿನ ವರ್ಷ ಮೇಜಿನ ಮೇಲೆ ಇಷ್ಟು ಬಾಗಲು ಆಗುವುದು ಅನುಮಾನ ಎಂದು ಡಾಕ್ಟರು ಹೇಳಿದ್ದಾರೆ. ಅವರಿಗೆ ಇದು ಬಹುಶಃ ಕೊನೆಯ ಅವಕಾಶ ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಎದುರಾಳಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಡಂ. ಮೇಜಿನ ಮೇಲೆ ಉಳಿದಿದ್ದದ್ದು ನೀಲಿ, ಗುಲಾಬಿ, ಕಪ್ಪು, ಈ ಮೂರೇ ಬಣ್ಣದ ಚೆಂಡುಗಳು. ಅವಕ್ಕೆ ಕ್ರಮವಾಗಿ ಐದು, ಆರು, ಏಳು ಅಂಕ. ಅದೇ ಕ್ರಮದಲ್ಲಿ ಅವನ್ನು ಪಾಕೆಟ್ಟಿಗೆ ಹಾಕಬೇಕು. ಅತ್ತೆ ಹದಿಮೂರು ಅಂಕ ಮುಂದಿದ್ದರು. ನೀಲಿ ಒಂದು ಬಿದ್ದರೆ ಪಂದ್ಯ ಮುಗಿದಂತೆ.

ಅತ್ತೆ ಬಾಗಿದರು. ನೀಲಿಗೆ ಗುರಿಯಿಡಲು ಎಡಗೈಯನ್ನು ಗುಲಾಬಿಯ ಪಕ್ಕದಲ್ಲಿ ಚಾಚಬೇಕಿತ್ತು. ಕೆಳಗಿನ ಟೈರ್ ಅಂಗಡಿಯಲ್ಲಿ ಗಾಳಿ ತುಂಬುವ ಯಂತ್ರ ಶುರುವಾಗಿ ಕಿಟಕಿ ಗಡಗಡ ಅಂದಿತು. ಅದು ನಿಲ್ಲಲಿ ಎಂದು ಅತ್ತೆ ಅದೇ ಭಂಗಿಯಲ್ಲಿ ಕಾದರು. ಯಂತ್ರ ನಿಂತಿತು, ಅತ್ತೆ ಕೋಲು ಹಿಂದಕ್ಕೆಳೆದರು, ಅಷ್ಟರಲ್ಲಿ ಮುಂಗೈಯ ಗುಂಡಿ ಗುಲಾಬಿಗೆ ತಾಗಿತು. ಚೆಂಡು ಒಂದು ಎಳ್ಳಿನಷ್ಟು ಅಲುಗಿ ಸುಮ್ಮನಾಯಿತು. ಅದನ್ನು ನಾನು ನೋಡಿದೆ, ಏಕೆಂದರೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಆ ಕಡೆಗೇ ಮುಖ ಮಾಡಿ ಕೂತಿದ್ದೆ. ರೆಫರಿ ನೋಡಲಿಲ್ಲ, ಏಕೆಂದರೆ ಅವರಿಗೆ ಕಾಣುತ್ತಿದ್ದದ್ದು ಅತ್ತೆಯ ಬೆನ್ನು. ಇದು ಅವರ ತಪ್ಪಲ್ಲ. ಬೆನ್ನಿನ ಆಚೆ ನೋಡಬಲ್ಲ ಕಣ್ಣು ಯಾರಿಗಿದೆ?

ಅತ್ತೆ ನೆಟ್ಟಗಾದರು.

"ಫೌಲ್" ಅಂದರು.

"ಏನು ಮೇಡಂ?" ಅಂದರು ರೆಫರಿ.

"ತೋಳು ತಾಗ್ತು. ಪಿಂಕ್ ಬಾಲಿಗೆ."

"ನಾನು ನೋಡ್ಲಿಲ್ಲ."

"ನೀವು ನೋಡಿದ್ರೆ ನಾನ್ಯಾಕೆ ಸರ್ ಹೇಳ್ತಿದ್ದೆ?"

"ನಾನು ಫೌಲ್ ಕೊಟ್ಟಿಲ್ಲ ಮೇಡಂ. ಆಟ ಮುಂದುವರಿಸಿ."

"ನೀವು ಕೊಡೋದೇನೂ ಬೇಡ, ನಾನೇ ತಗೊಂಡಿದ್ದೀನಿ. ಅವರಿಗೆ ಆರು ಬರ್ಕೊಳ್ಳಿ."

"ಇಲ್ಲಿ ರೆಫರಿ ಯಾರು ಮೇಡಂ? ನೀವಾ, ನಾನಾ?"

"ನೀವೇ ಸರ್. ಆದ್ರೆ ತೋಳು ನಂದು."

ರೆಫರಿ ಹೊಸಬರು, ಕೈಗವಸು ಇನ್ನೂ ಬೆಳ್ಳಗಿತ್ತು. ಅವರ ಹಿಂದೆ ನಿಮ್ಮ ಸಮಿತಿಯ ಸದಸ್ಯರೊಬ್ಬರು, ರೆಫರಿಯ ಕೆಲಸಕ್ಕೆ ಅಂಕ ಹಾಕಲೆಂದೇ ಬಂದು ಕೂತಿದ್ದರು. ರೆಫರಿ ಅತ್ತೆಯನ್ನು ಒಮ್ಮೆ ನೋಡಿದರು, ಹಿಂದೆ ಒಮ್ಮೆ ನೋಡಿದರು. ಆಮೇಲೆ ಬ್ಯಾಂಕಿನ ಮೇಡಂ ಕಡೆ ತಿರುಗಿ, "ನಿಮಗೇನಾದ್ರೂ ಕಾಣಿಸ್ತಾ?" ಅಂದರು.

"ನಾನು ಕನ್ನಡಕ ಒರೆಸ್ಕೊಳ್ತಾ ಇದ್ದೆ. ಆದ್ರೆ ಅವರು ತಾಗ್ತು ಅಂದ್ರೆ ತಾಗಿರುತ್ತೆ ಬಿಡಿ."

"ಅಂದ್ರೆ ನೀವು ನೋಡಿಲ್ಲ."

"ನೋಡಿಲ್ಲ, ಆದ್ರೆ..."

"ಅವರೂ ನೋಡಿಲ್ಲ" ಎಂದು ಹಿಂದಿನಿಂದ ಸದಸ್ಯರು ತೀರ್ಪು ಕೊಟ್ಟುಬಿಟ್ಟರು. "ಆಡೋರು ಆಡ್ಬೇಕು, ತೀರ್ಮಾನ ಮಾಡೋರು ಮಾಡ್ಬೇಕು. ಆಡಿಲ್ಲ ಅಂದ್ರೆ ಪಂದ್ಯ ಬಿಟ್ಟುಕೊಟ್ಟ ಹಾಗೆ. ಆಡ್ತೀರಾ, ಹೋಗ್ತೀರಾ?"

ಅಧ್ಯಕ್ಷರೇ, ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎಂಬ ಗಾದೆಯನ್ನು ನಾನು ಪರೀಕ್ಷೆಯಲ್ಲಿ ವಿಸ್ತರಿಸಿ ಬರೆದು ಪೂರ್ತಿ ಅಂಕ ತೆಗೆದುಕೊಂಡವಳು. ಗಾದೆ ಕೋಲು ಹಿಡಿದು ಎದುರಿಗೆ ಬಂದು ನಿಂತದ್ದನ್ನು ನೋಡಿದ್ದು ಅದೇ ಮೊದಲು.

ಅತ್ತೆಯ ಮುಂದೆ ಎರಡು ದಾರಿಗಳಿದ್ದವು. ಏನೂ ಆಗಿಲ್ಲ ಎಂಬಂತೆ ನೀಲಿ ಚೆಂಡನ್ನು ಹಾಕಿ ಗೆಲ್ಲಬಹುದಿತ್ತು. ಕೋಲು ಬಿಚ್ಚಿ ಪೆಟ್ಟಿಗೆಗೆ ಹಾಕಿಕೊಂಡು ಮನೆಗೆ ಬರಬಹುದಿತ್ತು. ಅವರು ಮೂರನೆಯದನ್ನು ಹುಡುಕಿಕೊಂಡರು. ಕೋಲಿನ ತುದಿಗೆ ನಿಧಾನವಾಗಿ ಚಾಕ್ ಹಚ್ಚಿದರು, ಬಾಗಿದರು, ನೀಲಿಯನ್ನು ಬಿಟ್ಟು ಬಿಳಿ ಚೆಂಡನ್ನು ನೇರವಾಗಿ ಗುಲಾಬಿಗೆ ಹೊಡೆದರು. ನೀಲಿಗೆ ಹೊಡೆಯಬೇಕಾದಾಗ ಗುಲಾಬಿಗೆ ಹೊಡೆದರೆ ಎದುರಾಳಿಗೆ ಆರು ಅಂಕ. ತೋಳು ತಾಗಿದ್ದಕ್ಕೂ ಅಷ್ಟೇ ಆರು.

"ಫೌಲ್! ಆರು!" ಎಂದು ರೆಫರಿ ರೂಢಿಯಂತೆ ಕೂಗಿಬಿಟ್ಟರು.

"ಅಬ್ಬಾ, ಈಗ ಕಾಣಿಸ್ತಲ್ಲ ಸರ್" ಅಂದರು ಅತ್ತೆ.

ಇಡೀ ಹಾಲ್ ನಕ್ಕಿತು. ಬೇಕರಿಯವರು ನಕ್ಕರು, ಬ್ಯಾಂಕಿನ ಮೇಡಂ ಕನ್ನಡಕ ತೆಗೆದು ಮತ್ತೆ ಒರೆಸಿಕೊಂಡರು, ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ಟೈರಣ್ಣನಂತೂ ನಗುತ್ತಾ ನಗುತ್ತಾ ಬಿಕ್ಕಳಿಕೆ ಬಂದು ಕೆಳಗಿಳಿದು ಹೋದರು. ಟೈರಣ್ಣ ಎಂದರೆ ಕೆಳಗಿನ ಅಂಗಡಿಗೂ ಮೇಲಿನ ಹಾಲಿಗೂ ಯಜಮಾನರು. ಅಂಕ ಕೊಟ್ಟ ಮೇಲೆ ಅತ್ತೆಯ ಮುನ್ನಡೆ ಏಳಕ್ಕೆ ಇಳಿಯಿತು. ಬ್ಯಾಂಕಿನ ಮೇಡಂ ನೀಲಿ ಹಾಕಿದರು, ಉಳಿದದ್ದು ಎರಡೇ ಅಂಕದ ಅಂತರ. ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಅವರು ಗುಲಾಬಿಯನ್ನು ನಡುವಿನ ಪಾಕೆಟ್ಟಿಗೆ ಹೊಡೆದರು. ಅದು ಪಾಕೆಟ್ಟಿನ ತುಟಿಗೆ ಬಡಿದು, ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಿ, ಬೇಡವೆಂದು ಹೊರಗುಳಿಯಿತು. ಅತ್ತೆ ಅದನ್ನು ಒಳಗೆ ಕಳಿಸಿದರು. ಈಗ ಅಂತರ ಎಂಟು, ಮೇಜಿನ ಮೇಲೆ ಏಳರ ಕಪ್ಪು ಒಂದೇ. ಬ್ಯಾಂಕಿನ ಮೇಡಂ ಬಂದು ಅತ್ತೆಯ ಕೈ ಕುಲುಕಿ, "ಅಲ್ಲಾ ರೀ, ಸುಮ್ನೆ ಆಡಿದ್ರೆ ಆಗ್ಲೇ ಗೆದ್ದಿರ್ತಿದ್ರಲ್ಲ, ನನ್ನ ಜೀವ ಯಾಕೆ ತೆಗೆದ್ರಿ?" ಅಂದರು. "ಆಗ ಗೆದ್ದಿದ್ರೆ ನನ್ನ ಜೀವ ಹೋಗ್ತಿತ್ತು" ಅಂದರು ಅತ್ತೆ.

ಆಟ ಮುಗಿದ ಮೇಲೆ ರೆಫರಿ ಮೆಟ್ಟಿಲ ಬಳಿ ಬಂದು ಅತ್ತೆಗೆ ಮೆಲ್ಲಗೆ ಏನೋ ಹೇಳಿದರು. ಅದು ನನಗೂ ಕೇಳಿಸಿತು. ಏನೆಂದು ಇಲ್ಲಿ ಬರೆಯುವುದಿಲ್ಲ. ಅವರ ಕೆಲಸ ಉಳಿಯಬೇಕು.

ಆಮೇಲೆ ನಿಮ್ಮ ಪತ್ರ ಬಂತು. ಅತ್ತೆಯ ಮೇಲೆ ಮೂರು ಆರೋಪ. ರೆಫರಿಯ ತೀರ್ಮಾನವನ್ನು ಪ್ರಶ್ನಿಸಿದ್ದು, ಉದ್ದೇಶಪೂರ್ವಕವಾಗಿ ತಪ್ಪು ಚೆಂಡಿಗೆ ಹೊಡೆದದ್ದು, ಮತ್ತು ‘ಪ್ರೇಕ್ಷಕರಲ್ಲಿ ನಗು ಉಂಟುಮಾಡಿದ್ದು’. ಮೂರನೆಯದನ್ನು ನಾನು ಮತ್ತೆ ಮತ್ತೆ ಓದಿದೆ. ನಗು ಉಂಟಾದದ್ದು ನಿಜ. ಆದರೆ ಉಂಟುಮಾಡಿದವರು ಯಾರು ಎಂಬ ಬಗ್ಗೆ ಸಮಿತಿ ಇನ್ನೊಮ್ಮೆ ವಿಚಾರಣೆ ನಡೆಸುವುದು ಒಳ್ಳೆಯದು. ಮೊದಲನೆಯದು ಇನ್ನೂ ಸ್ವಾರಸ್ಯವಾಗಿದೆ. ರೆಫರಿಯ ಜೊತೆ ಆಟಗಾರರು ಜಗಳವಾಡುವುದನ್ನು ಎಲ್ಲ ಆಟಗಳಲ್ಲಿ ನೋಡಿದ್ದೇವೆ. ‘ನಾನು ತಪ್ಪು ಮಾಡಿಲ್ಲ’ ಎಂದು ಕೂಗಾಡುತ್ತಾರೆ, ನೆಲಕ್ಕೆ ಬಿದ್ದು ಹೊರಳಾಡುತ್ತಾರೆ. ‘ನಾನು ತಪ್ಪು ಮಾಡಿದ್ದೇನೆ’ ಎಂದು ಜಗಳವಾಡಿದವರನ್ನು ನಿಮ್ಮ ಸಮಿತಿ ಹಿಂದೆ ಎಂದಾದರೂ ಕಂಡಿತ್ತೇ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಊರು ತುಂಬಾ ಇದ್ದಾರೆ. ಯಾರೂ ಏನೂ ಅನ್ನುವ ಮೊದಲೇ ಕುಂಬಳಕಾಯಿ ತಂದು ಎದುರಿಗಿಟ್ಟವರನ್ನು ಹಿಡಿದು, ‘ಇದು ಕುಂಬಳಕಾಯಿಯೇ ಅಲ್ಲ’ ಎಂದು ಬರೆಸಿಕೊಳ್ಳಲು ಹೊರಟವರು ನೀವೊಬ್ಬರೇ.

ಪತ್ರದ ಜೊತೆ ಕ್ಷಮಾಪಣೆಯ ನಮೂನೆಯನ್ನೂ ಕಳಿಸಿದ್ದೀರಿ, ಕೆಳಗೆ ಸಹಿ ಹಾಕಿದರೆ ಸಾಕು. ಇಲ್ಲಿ ನಾನು ನಿಮ್ಮನ್ನು ಆಶ್ಚರ್ಯಪಡಿಸಬೇಕು. ಅತ್ತೆಗೆ ಕ್ಷಮೆ ಕೇಳಲು ಯಾವ ಸಂಕೋಚವೂ ಇಲ್ಲ. ಪತ್ರ ಬಂದ ದಿನ ಊಟದ ಮೇಜಿನ ಮುಂದೆ ಕೂತು, ನಮ್ಮಪ್ಪನ ಕನ್ನಡಕ ಕಿತ್ತು ಹಾಕಿಕೊಂಡು ಓದಲು ಶುರು ಮಾಡಿದರು.

"‘ರೆಫರಿಯವರೊಂದಿಗೆ ವಾದಿಸಿದ್ದಕ್ಕೆ ವಿಷಾದಿಸುತ್ತೇನೆ.’ ಸರಿ, ಪಾಪ, ಹುಡುಗ ಬೆವತುಹೋಗಿದ್ದ. ‘ಬೇಕೆಂದೇ ತಪ್ಪು ಚೆಂಡಿಗೆ ಹೊಡೆದು ನಗೆಗೆ ಕಾರಣಳಾದದ್ದಕ್ಕೆ ಕ್ಷಮೆ ಕೋರುತ್ತೇನೆ.’ ಇದೂ ಸರಿ. ಸ್ವಲ್ಪ ಜಾಸ್ತಿ ಆಯ್ತು ನಂದು." ಆಮೇಲೆ ಮೂರನೆಯ ಸಾಲಿಗೆ ಬಂದರು. ‘ಸದರಿ ಸಂದರ್ಭದಲ್ಲಿ ನನ್ನ ತೋಳು ಯಾವುದೇ ಚೆಂಡಿಗೆ ತಾಗಿರಲಿಲ್ಲವೆಂದೂ, ತಾಗಿತೆಂಬ ನನ್ನ ಹೇಳಿಕೆ ಭ್ರಮೆಯಿಂದ ಕೂಡಿತ್ತೆಂದೂ ಈ ಮೂಲಕ ದೃಢೀಕರಿಸುತ್ತೇನೆ.’ ಕನ್ನಡಕ ತೆಗೆದರು.

"ಇದೇನು?"

"ಅದು ಹಾಗೇ ಅಕ್ಕಾ, ಕಚೇರಿ ಭಾಷೆ" ಅಂದರು ಅಪ್ಪ. "ಹಾಕ್ಬಿಡು ಸಹಿ. ಯಾರು ನೋಡ್ತಾರೆ?"

"ಯಾರೂ ನೋಡ್ಲಿಲ್ಲ ಅನ್ನೋದೇ ಅಲ್ವೇನೋ ಇಷ್ಟೆಲ್ಲಾ ಗಲಾಟೆ!"

"ನಿನ್ನ ನಡು ಮುಂದಿನ ವರ್ಷಕ್ಕೆ ಕಾಯಲ್ಲ ಅಕ್ಕಾ. ಒಂದು ಸಾಲು. ಒಂದೇ ಒಂದು ಸಾಲಿಗೋಸ್ಕರ..."

"ಕ್ಷಮೆ ಎಷ್ಟು ಬೇಕಾದ್ರೂ ಕೇಳ್ತೀನಿ ಕಣೋ, ಬೇಕಿದ್ರೆ ಕಾಗದದ ಎರಡೂ ಕಡೆ ಕೇಳ್ತೀನಿ. ಆಗಿದ್ದನ್ನ ಆಗಿಲ್ಲ ಅಂತ ಹೆಂಗೆ ಬರೀಲಿ? ಭ್ರಮೆ ಅಂತೆ! ಕ್ಲಚ್ಚು ಬ್ರೇಕು ಕಲಿಸೋಳಿಗೆ ಭ್ರಮೆ ಹಿಡಿದಿದೆ ಅಂತ ನಾನೇ ಬರ್ಕೊಟ್ರೆ ನಾಳೆ ಪಕ್ಕದಲ್ಲಿ ಯಾರು ಕೂರ್ತಾರೆ?" ಎಂದು ನನ್ನ ಕಡೆ ತಿರುಗಿದರು. "ನೀನು ಸಾಹಿತ್ಯ ಓದಿದ್ದೀಯಲ್ಲ, ಬೇರೆ ತರ ಬರ್ದುಕೊಡೇ. ಓದಿದವರಿಗೆ ಕಣ್ಣಲ್ಲಿ ನೀರು ಬರ್ಬೇಕು, ಸುಳ್ಳು ಮಾತ್ರ ಇರ್ಬಾರ್ದು."

ಅಧ್ಯಕ್ಷರೇ, ನಾನು ಪ್ರಯತ್ನಿಸಿದೆ. ಆದರೆ ಅತ್ತೆಯ ಕಾರಿನಲ್ಲಿ ಒಮ್ಮೆ ಹಿಂದಿನ ಸೀಟಿನಲ್ಲಿ ಕೂತಿದ್ದಾಗ ನಡೆದದ್ದು ಅಡ್ಡ ಬಂತು. ಅಂದು ಕಲಿಯುತ್ತಿದ್ದವರು ಒಬ್ಬ ನಿವೃತ್ತ ಮುಖ್ಯೋಪಾಧ್ಯಾಯರು. ತಿರುವಿನಲ್ಲಿ ನಿಲ್ಲಿಸಿದ್ದ ಒಂದು ಸ್ಕೂಟರಿಗೆ ಕಾರಿನ ಮೂಲೆ ಉಜ್ಜಿತು. ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಮುಖ್ಯೋಪಾಧ್ಯಾಯರು, "ಏನೂ ಆಗಿಲ್ಲ ಅನ್ಸುತ್ತಮ್ಮ, ಹೋಗೋಣ" ಅಂದರು. ಅತ್ತೆ ತಮ್ಮ ಕಾಲಡಿಯ ಬ್ರೇಕ್ ಒತ್ತಿದರು. "ಇಳೀರಿ ಸರ್." "ಯಾರೂ ಇಲ್ವಲ್ಲಮ್ಮ." "ಸ್ಕೂಟರ್ ಇದೆಯಲ್ಲ." ಇಬ್ಬರೂ ಬಿಸಿಲಿನಲ್ಲಿ ನಿಂತರು. ಕೊನೆಗೆ ಎದುರಿನ ಕ್ಷೌರದಂಗಡಿಯಿಂದ, ಒಂದು ಕೆನ್ನೆಗೆ ಸೋಪಿನ ನೊರೆ ಹಾಗೆಯೇ ಇದ್ದ ಯಜಮಾನರೊಬ್ಬರು ಓಡಿ ಬಂದರು. ಮುಖ್ಯೋಪಾಧ್ಯಾಯರು ಎರಡು ಹೆಜ್ಜೆ ಮುಂದೆ ಬಂದು, "ನಾನೇ ಉಜ್ಜಿದ್ದು ಸ್ವಾಮಿ" ಅಂದರು. ಆ ಯಜಮಾನರು ಗೀರನ್ನು ಬೆರಳಿನಿಂದ ಮುಟ್ಟಿ ನೋಡಿ, "ಇದಾ? ಇದು ಹಳೇದು, ನನ್ನ ಮಗ ಮಾಡಿದ್ದು. ನಿಮ್ಮದು ಇಲ್ಲಿದೆ ನೋಡಿ, ಚಿಕ್ಕದು" ಎಂದು ಇನ್ನೊಂದನ್ನು ತೋರಿಸಿದರು. ವಾಪಸ್ಸು ಬರುವಾಗ ಮುಖ್ಯೋಪಾಧ್ಯಾಯರು ಅದುವರೆಗೆ ಓಡಿಸದಷ್ಟು ಚೆನ್ನಾಗಿ ಕಾರು ಓಡಿಸಿದರು. ಈ ಅತ್ತೆಯ ಕೈಯಿಂದ ನಿಮ್ಮ ಮೂರನೆಯ ಸಾಲಿಗೆ ಸಹಿ ಹಾಕಿಸುವ ಭಾಷೆ ನಾನು ಓದಿದ ಯಾವ ಪುಸ್ತಕದಲ್ಲಿಯೂ ಸಿಗಲಿಲ್ಲ.

ಸಿಕ್ಕಿದ್ದು ಒಂದು ಸಣ್ಣ ವ್ಯಾಕರಣ ಮಾತ್ರ. ತಪ್ಪು, ಒಪ್ಪಿಗೆ ಎಂಬ ಎರಡು ಪದ ಸೇರಿದರೆ ‘ತಪ್ಪೊಪ್ಪಿಗೆ’ ಆಗುತ್ತದೆ. ಶಾಲೆಯಲ್ಲಿ ಇದಕ್ಕೆ ಲೋಪಸಂಧಿ ಎಂದು ಹೇಳಿಕೊಟ್ಟಿದ್ದರು. ಒಪ್ಪಿಗೆ ಎದುರಿಗೆ ಬಂದು ನಿಂತ ಕೂಡಲೇ ತಪ್ಪು ತನ್ನ ಕೊನೆಯ ಸ್ವರವನ್ನು ಬಿಟ್ಟುಕೊಟ್ಟು ಚಿಕ್ಕದಾಗುತ್ತದೆ. ಲೋಪವಾಗುವುದು ತಪ್ಪಿನದು, ಒಪ್ಪಿಗೆಯದಲ್ಲ. ನಿಮ್ಮ ಸಮಿತಿ ಇದನ್ನು ತಿರುಗಿಸಿ, ಒಪ್ಪಿಗೆಯನ್ನೇ ಲೋಪ ಮಾಡಿ ತಪ್ಪನ್ನು ಇಡಿಯಾಗಿ ಉಳಿಸಿಕೊಳ್ಳಲು ಹೊರಟಿದೆ. ನಿಮ್ಮ ನಮೂನೆಗೆ ಅತ್ತೆ ಸಹಿ ಹಾಕಿದರೆ ಮೊದಲು ಮಾಡಿದ್ದ ಫೌಲ್ ಹಾಗೆಯೇ ಉಳಿಯುತ್ತದೆ, ಅದರ ಮೇಲೆ ಒಂದು ಸುಳ್ಳೂ ಸೇರುತ್ತದೆ. ಶಿಸ್ತು ಸಮಿತಿಯಿಂದ ಹೊರಡುವಾಗ ಆಟಗಾರರು ಒಳಗೆ ಬಂದಾಗ ಇದ್ದದ್ದಕ್ಕಿಂತ ಸ್ವಲ್ಪ ಕೆಟ್ಟವರಾಗಿ ಹೊರಡಬೇಕೆಂಬುದು ನಿಮ್ಮ ಉದ್ದೇಶವೇ?

ರೆಫರಿಯ ಮಾತೇ ಕೊನೆಯ ಮಾತು ಎಂದು ನೀವು ಹೇಳುತ್ತೀರಿ. ಒಪ್ಪುತ್ತೇನೆ. ಇಬ್ಬರು ಆಟಗಾರರಿಗೆ ಜಗಳ ಬಂದರೆ ಮೂರನೆಯವರೊಬ್ಬರು ಬೇಕು. ಆದರೆ ಆ ದಿನ ಜಗಳವೇ ಇರಲಿಲ್ಲ. ಮಾಡಿದವರು ಮಾಡಿದೆ ಅಂದರು, ಎದುರಾಳಿ ಇರಬಹುದು ಅಂದರು. ಅಲ್ಲಿ ಮೂರನೆಯವರ ಕೆಲಸ ಅಂಕದ ಹಲಗೆಯಲ್ಲಿ ಆರನ್ನು ದಾಟಿಸುವುದಷ್ಟೇ ಆಗಿತ್ತು. ಇಷ್ಟು ಸಣ್ಣ ಕೆಲಸದಿಂದ ರೆಫರಿಯ ಗೌರವ ಕಡಿಮೆಯಾಗುತ್ತದೆ ಎಂದು ಅವರಿಗೆ ಹೇಳಿಕೊಟ್ಟವರು ಯಾರು? ಕೆಲಸಕ್ಕೆ ಹೊಸದಾಗಿ ಬಂದ ಹುಡುಗನ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಅವನು ಸೋಲೊಪ್ಪಿದರೆ ಅಂಕ ಕಳೆಯುತ್ತೇನೆ ಎಂಬಂತೆ ಪೆನ್ನು ಆಡಿಸುತ್ತಿದ್ದವರು ಯಾರು? ನಾನು ಹೆಸರು ಬರೆಯುವುದಿಲ್ಲ, ನನಗೆ ಗೊತ್ತಿಲ್ಲ. ಕಪ್ಪು ಬೂಟು, ಒಂದರ ಲಾಡಿ ಕಂದು ಬಣ್ಣದ್ದು. ನೀವು ಹುಡುಕಿಕೊಳ್ಳಬಹುದು.

ನನ್ನ ಬೇಡಿಕೆ ಸಣ್ಣದು. ಅತ್ತೆ ನಿಮ್ಮ ನಮೂನೆಗೆ ಸಹಿ ಹಾಕಿದ್ದಾರೆ. ಮೊದಲ ಎರಡು ಸಾಲುಗಳನ್ನು ಹಾಗೆಯೇ ಇಟ್ಟು, ಮೂರನೆಯ ಸಾಲಿನ ಮೇಲೆ ಅಳತೆಪಟ್ಟಿ ಇಟ್ಟು ಒಂದು ನೇರ ಗೆರೆ ಎಳೆದು, ನಿನ್ನೆ ಅಂಚೆಗೆ ಹಾಕಿ ಬಂದರು. ಅದನ್ನು ಹಾಗೆಯೇ ಸ್ವೀಕರಿಸಿ, ಪಂದ್ಯಾವಳಿಯ ಆಟಗಾರರ ಹೆಸರಿನ ನಡುವೆ ಅವರ ಹೆಸರನ್ನು ಸೇರಿಸಿ. ಆಟಗಾರರು ತಾವಾಗಿ ಹೇಳಿದ ಫೌಲನ್ನು ರೆಫರಿ ನೋಡಿರದಿದ್ದರೂ ಬರೆದುಕೊಳ್ಳಬೇಕು ಎಂಬ ಒಂದು ವಾಕ್ಯವನ್ನು ನಿಮ್ಮ ನಿಯಮಗಳಿಗೆ ಸೇರಿಸಿ. ಕರಡು ಕಳಿಸಿದರೆ ನಾನೇ ತಿದ್ದಿಕೊಡುತ್ತೇನೆ, ಹಕಾರಗಳು ಎಲ್ಲಿರಬೇಕೋ ಅಲ್ಲಿರುವಂತೆ ನೋಡಿಕೊಳ್ಳುತ್ತೇನೆ. ಈ ಪತ್ರಕ್ಕಾಗಿ ಅತ್ತೆಯ ಮೇಲೆ ನಾಲ್ಕನೆಯ ಆರೋಪ ಹೊರಿಸಬೇಡಿ. ಅವರಿಗೆ ಇದು ಗೊತ್ತಿಲ್ಲ, ಇದರ ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ಅಲ್ಲಿ ಅಚ್ಚಾದ ಮೇಲೆ ಗೊತ್ತಾಗುತ್ತದೆ. ಆಗ ನನಗೆ ಏನಾಗಬೇಕೋ ಅದು ಮನೆಯಲ್ಲಿಯೇ ಆಗುತ್ತದೆ. ನೀವು ಶಿಕ್ಷಿಸುವುದಾದರೆ ನನ್ನನ್ನು ಶಿಕ್ಷಿಸಿ. ಯಾವ ಪಂದ್ಯದಿಂದ ತೆಗೆದುಹಾಕುತ್ತೀರಿ ಎಂಬುದು ಮಾತ್ರ ಸ್ವಲ್ಪ ಕಷ್ಟದ ಪ್ರಶ್ನೆ, ಏಕೆಂದರೆ ನಾನು ಕೋಲು ಹಿಡಿದವಳೇ ಅಲ್ಲ.

ಆ ಕಷ್ಟವನ್ನೂ ಪರಿಹರಿಸುತ್ತೇನೆ. ನಿಮ್ಮ ಕಚೇರಿ ಹೊಸ ರೆಫರಿಗಳಿಗೆ ನಡೆಸುವ ತರಬೇತಿಗೆ ಅರ್ಜಿ ಹಾಕಿದ್ದೇನೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾಲ್ಕು ಜನರ ಎದುರು ಗಟ್ಟಿಯಾಗಿ ಮಾತನಾಡಲು ಆಗುತ್ತದೆಯೇ ಎಂದು ಅರ್ಜಿಯಲ್ಲಿ ಕೇಳಿದ್ದೀರಿ. ಇಲ್ಲ ಎಂದು ನಿಜವನ್ನೇ ಬರೆದಿದ್ದೇನೆ, ಕಲಿಯುತ್ತೇನೆ ಎಂದೂ ಬರೆದಿದ್ದೇನೆ. ಸುಮ್ಮನೆ ನೋಡುತ್ತಾ ಕೂರುವುದು ಹೇಗೂ ಬರುತ್ತದೆ. ಮೇಜಿನ ಯಾವ ಕಡೆ ನಿಂತರೂ ಯಾರದೋ ಬೆನ್ನು ಅಡ್ಡ ಬಂದೇ ಬರುತ್ತದೆ, ನನ್ನ ಕಣ್ಣಿಗೂ ಎಷ್ಟೋ ತಪ್ಪುತ್ತದೆ. ಅಂಥ ಹೊತ್ತಿನಲ್ಲಿ ಆಟಗಾರರೊಬ್ಬರು ನೆಟ್ಟಗಾಗಿ ನಿಂತು, ತಾಗಿತು ಅಂದರೆ, ಹಿಂದೆ ಯಾರೇ ಕೂತಿದ್ದರೂ ಏನು ಹೇಳಬೇಕೆಂದು ತೀರ್ಮಾನಿಸಿಕೊಂಡಿದ್ದೇನೆ. ಎರಡೇ ಪದ. ಕೋಣೆಯ ಬಾಗಿಲು ಹಾಕಿಕೊಂಡು ಅಭ್ಯಾಸ ಮಾಡುತ್ತಿದ್ದೇನೆ, ಧ್ವನಿ ಇನ್ನೂ ಸ್ವಲ್ಪ ನಡುಗುತ್ತದೆ.

"ಥ್ಯಾಂಕ್ಸ್. ಫೌಲ್."

ಇಂತಿ,
ಚೆಂಡು ಅಲುಗಿದ್ದನ್ನು ಕಣ್ಣಾರೆ ಕಂಡೂ, ಪ್ರೇಕ್ಷಕರು ಮಾತಾಡುವಂತಿಲ್ಲ ಎಂಬ ನಿಮ್ಮ ನಿಯಮಕ್ಕೆ ತಪ್ಪದೆ ತಲೆಬಾಗಿದ,
ಶಿಸ್ತಿಗೆ ಹೆಸರಾದ ಸೋದರಸೊಸೆ